ಡಚ್ ಅಚ್ಚುಚಿತ್ರಗಳಲ್ಲಿ ಚರ್ಚಿನ ಒಳಾಂಗಣ

ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಒತ್ತಿದ, ಚರ್ಚಿನ ಒಳಭಾಗವನ್ನು ತೋರಿಸುವ ಈ ಚಿತ್ರಗಳು 16 ಮತ್ತು 17ನೆಯ ಶತಮಾನಗಳಲ್ಲಿ ನೆದರ್ಲೆಂಡ್ಸ್ ಸೀಮೆಯಲ್ಲಿ ಬೆಳೆದುಬಂದವು.

1566ರಲ್ಲಿ ಪ್ರೊಟೆಸ್ಟಂಟರಾದ ಕ್ಯಾಲ್ವಿನ್ ಪಂಥದವರು ಅಲ್ಲಿನ ಚರ್ಚುಗಳಿಗೆ ನುಗ್ಗಿ ಸಂತರ ಪ್ರತಿಮೆಗಳನ್ನು ಒಡೆದರು. ಫ್ರಾನ್ಸ್ ಹೋಗೆನ್‌ಬರ್ಗ್‌ನ ಚಿತ್ರದಲ್ಲಿ ಜನ ಹಗ್ಗ ಬಿಗಿದು ಮೂರ್ತಿಗಳನ್ನು ಎಳೆದು ಕೆಡವುತ್ತಿದ್ದಾರೆ. ಹಾರ್ಲೆಮ್ ಊರಿನ ಸೇಂಟ್ ಬಾವೋ ಚರ್ಚು 1578ರಲ್ಲಿ ಹೊಸ ಪಂಥದ ವಶವಾಯಿತು. ಬಲಿಪೀಠಗಳು ಹೋದವು, ಬೋಧನೆಯ ಪೀಠವೇ ಮುಖ್ಯ ಸ್ಥಾನ ಪಡೆಯಿತು. ಹೀಗೆ ಬರಿದಾದ ಕಟ್ಟಡವೇ ಚಿತ್ರದ ವಸ್ತುವಾದದ್ದು ಕಲೆಯ ಇತಿಹಾಸದ ದೊಡ್ಡ ತಿರುವು.

ಆ ತಿರುವಿನ ಮುಖ್ಯ ಹೆಸರು ಪೀಟರ್ ಸಾನ್ರೆದಾಮ್ (1597–1665). ಇವನ ತಂದೆಯೂ ತಗಡು ಕೊರೆಯುವ ಕಲಾವಿದ. ಚರ್ಚಿನೊಳಗೇ ಕೂತು, ಅಳತೆ ಹಿಡಿದು, ತಾರೀಖು ಬರೆದು ರೇಖಾಚಿತ್ರ ತೆಗೆಯುವುದು ಸಾನ್ರೆದಾಮ್‌ನ ರೂಢಿ. ಸೇಂಟ್ ಬಾವೋ ಒಳಾಂಗಣದ ಇವನ ಚಿತ್ರವನ್ನು ಯಾನ್ ವಾನ್ ಡೆ ವೆಲ್ಡೆ ಕೊರೆದ. ಅದು ಸಾಮ್ಯುಯೆಲ್ ಆಂಪ್ಸಿಂಗ್‌ನ 1628ರ ಹಾರ್ಲೆಮ್ ವರ್ಣನೆಯ ಪುಸ್ತಕದಲ್ಲಿ ಅಚ್ಚಾಯಿತು. ಊರಿನ ಹೆಮ್ಮೆ ಪುಸ್ತಕದ ಜತೆ ಮನೆಮನೆ ಸೇರಿತು.

ಇಂಥ ಒಳಾಂಗಣಗಳಲ್ಲಿ ಸಮಾಜ ಕಾಣುವುದು ನೆಲದ ಹತ್ತಿರ. ಕಾಲಡಿಯ ಚಪ್ಪಡಿಗಳು ಸಮಾಧಿಗಳು. ಉಳ್ಳವರ ಲಾಂಛನಫಲಕಗಳು ಮೇಲೆ ಕಂಬಕ್ಕೆ ತೂಗುತ್ತವೆ. ಜನ ಮಾತಾಡುತ್ತ ಅಡ್ಡಾಡುತ್ತಾರೆ, ನಾಯಿಗಳೂ ಇರುತ್ತವೆ. ಸಾನ್ರೆದಾಮ್‌ನದೇ 1644ರ ವರ್ಣಚಿತ್ರವೊಂದರಲ್ಲಿ ಬಿಳಿ ಗೋಡೆಯ ಮೇಲೆ ಮಕ್ಕಳ ಗೀಚು. ಪೂಜೆಯಿಲ್ಲದ ಹೊತ್ತಿನಲ್ಲಿ ಚರ್ಚು ಊರ ಚಾವಡಿಯಾಗಿತ್ತು. ಬೇರೆ ಧರ್ಮದವರಿಗೂ ಅಚ್ಚು ಒದಗಿತು: ಆ್ಯಮ್‌ಸ್ಟರ್‌ಡ್ಯಾಮ್‌ನ ಪೋರ್ಚುಗೀಸ್ ಯೆಹೂದ್ಯರ ಪ್ರಾರ್ಥನಾಮಂದಿರ 1675ರಲ್ಲಿ ತೆರೆದಾಗ ಕಲಾವಿದ ರೊಮೈನ್ ಡೆ ಹೋಖೆ ಅದರ ಒಳಾಂಗಣ ಚಿತ್ರಿಸಿದ.

ಈ ಕಥೆಗೆ ನಮ್ಮ ವಿಜಯಪುರ ಸೀಮೆಯ ನಂಟೂ ಇದೆ. ಈ ಭಾಗದ ಸಾವಳಗಿ, ಜಮಖಂಡಿ ಊರುಗಳು ಆದಿಲ್‌ಶಾಹಿ ಆಳ್ವಿಕೆಯಲ್ಲಿದ್ದಾಗ ಹಾರ್ಲೆಮ್‌ನ ಕಾರ್ನೆಲಿಸ್ ಕ್ಲಾಸ್ ಹೇಡಾ 1610ರ ಸುಮಾರಿಗೆ ವಿಜಯಪುರಕ್ಕೆ ಬಂದು ಸುಲ್ತಾನ ಎರಡನೆಯ ಇಬ್ರಾಹಿಂನ ಆಸ್ಥಾನ ಚಿತ್ರಕಾರನಾದ. ಡಚ್ ಚರ್ಚುಗಳಂತೆ ಅಲ್ಲಿನ ಜಾಮಿಯಾ ಮಸೀದಿಯ ಸಾಲುಕಮಾನುಗಳೂ ಬಹುಪಾಲು ಬಿಳಿ, ಬರಿದು. ಮೆಕ್ಕಾ ದಿಕ್ಕು ತೋರುವ ಗೋಡೆಗೂಡಾದ ಮಿಹ್ರಾಬಿನಲ್ಲಿ ಮಾತ್ರ 1636ರಲ್ಲಿ ಚಿನ್ನದ ಬಣ್ಣದ ಅಕ್ಷರ, ಗೂಡಿನಲ್ಲಿಟ್ಟಂತೆ ಕಾಣುವ ಪುಸ್ತಕ, ಹೂದಾನಿಗಳು ಬಂದವು. ಸುಮಾರು ಅದೇ ಹೊತ್ತಿಗೆ, 1636–37ರಲ್ಲಿ, ಸಾನ್ರೆದಾಮ್ ಸೇಂಟ್ ಬಾವೋವನ್ನು ಬಣ್ಣದಲ್ಲಿ ಬರೆಯುತ್ತಿದ್ದ. ಸತ್ತ ಮೇಲೆ ಅವನನ್ನು ಹೂಳಿದ್ದೂ ಅದೇ ಚರ್ಚಿನ ನೆಲದಲ್ಲಿ.