ಕಿರಿಯರ ಕೈಗೆ ಬಂದೂಕು ಸಿಗದಂತೆ: ಅಮೆರಿಕದ ಕಾನೂನು ಮತ್ತು ಪ್ರಸ್ತಾಪಗಳು

ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಅಲ್ಲಿರುವ ಮಕ್ಕಳು, ಮೊಮ್ಮಕ್ಕಳು ಕ್ಷೇಮವೇ ಎಂದು ವಿಚಾರಿಸುತ್ತಾರೆ. ಆ ಹುಡುಗನಿಗೆ ಬಂದೂಕು ಸಿಕ್ಕಿದ್ದು ಎಲ್ಲಿಂದ, ಸರಕಾರ ಏನು ಮಾಡುತ್ತಿದೆ ಎಂಬ ಪ್ರಶ್ನೆ ಆಮೇಲೆ ಏಳುತ್ತದೆ. ಓದುಗರ ಅನುಕೂಲಕ್ಕಾಗಿ ಮುಖ್ಯ ವಿಷಯಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ನಮ್ಮಲ್ಲಿ ಪರವಾನಿಗೆಯಿಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ (ಕೊಡವರಿಗೆ ವಿನಾಯಿತಿ ಇದೆ), ಪರವಾನಿಗೆಗೆ 21 ವರ್ಷ ತುಂಬಿರಬೇಕು. ಬೆಳೆ ರಕ್ಷಣೆಯ ಕೋವಿಯನ್ನೂ ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಅಮೆರಿಕದಲ್ಲಿ ಬಂದೂಕು ಹೊಂದುವುದು ಸಂವಿಧಾನದತ್ತ ಹಕ್ಕು. ಆದುದರಿಂದ ಅಲ್ಲಿನ ಚರ್ಚೆ ಹೆಚ್ಚಾಗಿ ವಯಸ್ಸು, ತಪಾಸಣೆ ಮತ್ತು ಬೀಗದ ಸುತ್ತ ನಡೆಯುತ್ತದೆ.

1968ರ ಕೇಂದ್ರ ಕಾನೂನಿನಂತೆ ಪರವಾನಿಗೆ ಇರುವ ಅಂಗಡಿಯವರು 21 ತುಂಬದವರಿಗೆ ಪಿಸ್ತೂಲನ್ನೂ, 18 ತುಂಬದವರಿಗೆ ಉದ್ದ ಕೋವಿಯನ್ನೂ ಮಾರಬಾರದು. ಖಾಸಗಿ ವ್ಯಕ್ತಿಗಳ ಮಾರಾಟಕ್ಕೆ ನಿಯಮ ಸಡಿಲ. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯಲ್ಲಿ ದಾಳಿ ನಡೆಸಿದವರಿಗೆ ಮೂರು ಬಂದೂಕುಗಳನ್ನು ಬಂದೂಕು ಮೇಳದಲ್ಲಿ ಕೊಂಡು ಕೊಟ್ಟವಳು 18 ವರ್ಷದ ಗೆಳತಿ. ಒಂದು ವಾರದೊಳಗೆ ಅಧ್ಯಕ್ಷ ಕ್ಲಿಂಟನ್ ಮೇಳಗಳಲ್ಲೂ ಪೂರ್ವಾಪರ ತಪಾಸಣೆ, ಪಿಸ್ತೂಲಿಗೆ 21 ವರ್ಷ, ಹೆತ್ತವರ ಹೊಣೆ ಎಂಬ ಪ್ರಸ್ತಾಪಗಳನ್ನು ಮುಂದಿಟ್ಟರು. ಮೇಳದ ತಪಾಸಣೆಯ ಅಂಶ ಸೆನೆಟ್‌ನಲ್ಲಿ ಉಪಾಧ್ಯಕ್ಷ ಅಲ್ ಗೋರ್ ಅವರ ಮತದಿಂದ 51-50ರಲ್ಲಿ ಪಾರಾಯಿತು. ಕೆಳಮನೆಯಲ್ಲಿ ಪ್ರಯತ್ನ ಬಿದ್ದುಹೋಯಿತು.

ಸ್ಯಾಂಡಿ ಹುಕ್‌ನಲ್ಲಿ 2012ರ ಡಿಸೆಂಬರ್‌ನಲ್ಲಿ 20 ಎಳೆಯ ಮಕ್ಕಳು, 6 ಮಂದಿ ಸಿಬ್ಬಂದಿ ಹತರಾದ ಬಳಿಕವೂ ಇದೇ ಕಥೆ. ತಪಾಸಣೆ ವಿಸ್ತರಿಸುವ ಮಸೂದೆಗೆ 2013ರಲ್ಲಿ 54 ಮತ ಬಿತ್ತು, ಬೇಕಿದ್ದುದು 60. ಅಲ್ಲಿನ ಕೆಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯೂ ಎಲ್ಲ ಮಾರಾಟಕ್ಕೆ ತಪಾಸಣೆ ಬೇಕೆಂದು ಒತ್ತಾಯಿಸುತ್ತ ಬಂದಿದೆ. 2022ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಯುವಾಲ್ಡೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು 18 ತುಂಬುತ್ತಲೇ ಕಾನೂನುಬದ್ಧವಾಗಿ ಬಂದೂಕು ಕೊಂಡಿದ್ದ. ಆ ಜೂನ್‌ನಲ್ಲಿ ಅಧ್ಯಕ್ಷ ಬೈಡನ್ ಸಹಿ ಹಾಕಿದ ಕಾನೂನು ವಯಸ್ಸನ್ನು ಏರಿಸಲಿಲ್ಲ. 21ರೊಳಗಿನವರು ಕೊಳ್ಳಲು ಬಂದರೆ ಬಾಲ್ಯಾಪರಾಧ, ಮಾನಸಿಕ ಆರೋಗ್ಯದ ದಾಖಲೆಗಳನ್ನೂ ನೋಡಬೇಕು, ಅಗತ್ಯವಿದ್ದರೆ 10 ಕೆಲಸದ ದಿನಗಳವರೆಗೆ ಕಾಯಿಸಬಹುದು ಎಂದಿತು. ಸುಮಾರು 30 ವರ್ಷಗಳಲ್ಲಿ ಇಷ್ಟಾದರೂ ಪಾರಾದದ್ದು ಅದೊಂದೇ ಬಾರಿ ಎನ್ನಬೇಕು.

ಆದರೆ ನಮಗೆ ಕಾಣುವಂತೆ ಅಂಗಡಿಯ ವಯೋಮಿತಿಗಿಂತ ಮನೆಯ ಕಪಾಟಿನ ಪ್ರಶ್ನೆ ದೊಡ್ಡದು. ಸ್ಯಾಂಡಿ ಹುಕ್‌ನ ಬಂದೂಕುಗಳು ದಾಳಿಕೋರನ ತಾಯಿಯವು. ಮನನೊಂದ ಹದಿಹರೆಯದವರು ಆತ್ಮಹತ್ಯೆಗೆ ಬಳಸುವುದೂ ಬಹುಪಾಲು ಮನೆಯದೇ ಬಂದೂಕನ್ನು. ಇದು ಸುದ್ದಿಯಾಗುವುದಿಲ್ಲ, ಲೆಕ್ಕದಲ್ಲಿ ಮಾತ್ರ ಸೇರುತ್ತದೆ. 2020ರಲ್ಲಿ ಅಮೆರಿಕದ 1ರಿಂದ 19 ವರ್ಷದವರ ಸಾವಿಗೆ ಬಂದೂಕು, ವಾಹನ ಅಪಘಾತವನ್ನೂ ಮೀರಿ ಮೊದಲ ಕಾರಣವಾಯಿತು.

2005ರ ಕಾನೂನು ಪಿಸ್ತೂಲಿನ ಜೊತೆ ಅಂಗಡಿಯವರು ಬೀಗ ಕೊಡಬೇಕೆನ್ನುತ್ತದೆ. ಕೊಂಡವರು ಅದನ್ನು ಹಾಕಲೇಬೇಕೆಂದು ಹೇಳುವುದಿಲ್ಲ! ಆ ಕೊರತೆಯನ್ನು ರಾಜ್ಯಗಳು ತುಂಬುತ್ತಿವೆ. ಮಗುವಿನ ಕೈಗೆ ಸಿಗುವಂತೆ ಬಂದೂಕು ಬಿಟ್ಟ ಹಿರಿಯರನ್ನು ಶಿಕ್ಷಿಸುವ ಕಾನೂನನ್ನು 1989ರಲ್ಲಿ ಮೊದಲು ತಂದದ್ದು ಫ್ಲೋರಿಡಾ. ಮಿಶಿಗನ್‌ನಲ್ಲಿ 2021ರಲ್ಲಿ 15ರ ಹುಡುಗನೊಬ್ಬ, ನಾಲ್ಕು ದಿನ ಹಿಂದೆ ತಂದೆ ಕೊಂಡಿದ್ದ ಪಿಸ್ತೂಲಿನಿಂದ ನಾಲ್ವರು ಸಹಪಾಠಿಗಳನ್ನು ಕೊಂದ. 2024ರಲ್ಲಿ ಅವನ ತಂದೆ ತಾಯಿ ಇಬ್ಬರಿಗೂ 10ರಿಂದ 15 ವರ್ಷ ಸೆರೆವಾಸ ವಿಧಿಸಲಾಯಿತು. ಅದೇ ವರ್ಷ ಫೆಬ್ರವರಿಯಿಂದ ಆ ರಾಜ್ಯದಲ್ಲಿ ಮಕ್ಕಳಿರುವ ಮನೆಯ ಬಂದೂಕಿಗೆ ಬೀಗ ಕಡ್ಡಾಯವಾಗಿದೆ.

ನ್ಯಾಯಾಲಯಗಳ ಹಾದಿ ಬೇರೆ ಬೇರೆ. ಮನೆಯ ಪಿಸ್ತೂಲಿಗೆ ಸದಾ ಬೀಗ ಇರಲೇಬೇಕೆಂಬ ರಾಜಧಾನಿ ವಾಷಿಂಗ್ಟನ್‌ನ ನಿಯಮವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷದ ಮಿತಿ ಸಂವಿಧಾನಬಾಹಿರವೆಂದು 2025ರ ಜನವರಿಯಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಹೇಳಿದರೆ, ಜೂನ್‌ನಲ್ಲಿ ಇನ್ನೊಂದು ಅದನ್ನು ಎತ್ತಿಹಿಡಿಯಿತು.

ಅಲ್ಲಿರುವ ನಮ್ಮ ಕುಟುಂಬಗಳಿಗೆ ಇದರಲ್ಲಿ ಬಳಕೆಗೆ ಬರುವ ಮಾತೊಂದಿದೆ. ಮಗುವನ್ನು ಗೆಳೆಯರ ಮನೆಗೆ ಆಡಲು ಕಳಿಸುವ ಮೊದಲು, ಮನೆಯಲ್ಲಿ ಬಂದೂಕು ಇದೆಯೇ, ಬೀಗ ಹಾಕಿ, ಗುಂಡುಗಳನ್ನು ಬೇರೆಯಾಗಿ ಇಟ್ಟಿದ್ದಾರೆಯೇ ಎಂದು ಕೇಳಿರಿ ಎಂದು ಅಲ್ಲಿನ ಮಕ್ಕಳ ವೈದ್ಯರು ಸಲಹೆ ಕೊಡುತ್ತಾರೆ. ನಮ್ಮವರಿಗೆ ಕೇಳಲು ಸಂಕೋಚವಾಗಬಹುದು. ಅಲ್ಲಿ ಇದು ಅಸಭ್ಯ ಪ್ರಶ್ನೆಯಲ್ಲ.