ಮಾದ: ಒಂದು ಹೆಸರಿನ ಚರಿತ್ರೆ

ತತ್ಸಮ-ತದ್ಭವದ ಪಾಠ ಮಾಡುತ್ತಿದ್ದೆ. ಮಹಾದೇವ, ಮಾದೇವ, ಮಾದ ಎಂದು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಅಂದ್ರೆ ಸಾರ್, ಮಹಾದೇವ ಕೆಟ್ಟು ಮಾದ ಆಯ್ತಾ?’ ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಮಾದ ನನ್ನ ಅಪ್ಪನ ಹೆಸರು.

ಹುಡುಗನದು ತಪ್ಪಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಪದಗಳನ್ನು ಚರ್ಚಿಸುವ ಪ್ರಕರಣದ ಹೆಸರೇ ಅಪಭ್ರಂಶ. ಅಪಭ್ರಂಶವೆಂದರೆ ಜಾರಿ ಬಿದ್ದದ್ದು. ಧ್ವನಿ ಬದಲಾದದ್ದು ನಿಜ. ಆದರೆ ಆ ಬದಲಾವಣೆಗೆ ಮೇಲು ಕೀಳಿನ ದಿಕ್ಕು ಕೊಟ್ಟವರು ಯಾರು?

ಹೆಸರಿನಲ್ಲಿ ಮೇಲು ಕೀಳು ಬಹಳ ಹಳೆಯ ಕಟ್ಟಳೆ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಲಿ, ಶೂದ್ರನದು ಹೇಸಿಗೆ ಹುಟ್ಟಿಸುವಂತಿರಲಿ ಎನ್ನುತ್ತದೆ ಮನುಸ್ಮೃತಿಯ 2ನೆಯ ಅಧ್ಯಾಯ. ಅವರ್ಣರ ಮಾತೇ ಅಲ್ಲಿಲ್ಲ.

ನಮ್ಮ ಚಾಮರಾಜನಗರದ ಸೀಮೆಯಲ್ಲಿ ಮಾದ ಎಂಬುದು ಹೇಸಿಗೆಯ ಹೆಸರಲ್ಲ, ಬೆಟ್ಟದ ದೇವರ ಹೆಸರು. ಮಲೆ ಮಾದೇಶ್ವರನಿಗೆ ನಡೆದುಕೊಳ್ಳುವ ಎಲ್ಲ ಜಾತಿಯವರೂ ಮಕ್ಕಳಿಗೆ ಅದನ್ನು ಇಡುತ್ತಾರೆ: ಮಾದೇಗೌಡ, ಮಾದಶೆಟ್ಟಿ, ಮಾದನಾಯಕ, ಮಾದಪ್ಪ. ಬೇರು ಒಂದೇ, ಬಾಲ ಬೇರೆ. ಬಾಲ ಕೇಳಿದರೆ ಕೇರಿ ತಿಳಿಯುತ್ತದೆ. ನಮ್ಮ ಕೇರಿಯದು ಬೋಳು ಮಾದ. ಕಂಸಾಳೆಯವರ ಕಥೆಯಲ್ಲೋ, ದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮುಗಿಸಲು ಆ ಮಾದಪ್ಪನಿಗೇ ಹರಳಯ್ಯ ಮಾಡಿದ ಪಾದುಕೆ ಬೇಕಾಯಿತು.

1971ರಲ್ಲಿ ತಾತ ಅಪ್ಪನನ್ನು ಶಾಲೆಗೆ ಸೇರಿಸಲು ಹೋದ. ‘ಮಾದಯ್ಯ ಅಂತ ಬರ್ಕಳಿ ಬುದ್ಧಿ’ ಅಂದ. ‘ನಿಮಗ್ಯಾಕ್ಲಾ ಅಯ್ಯ?’ ಎಂದ ಮೇಷ್ಟ್ರು ‘ಮಾದ ಬಿನ್ ಕರಿಯ’ ಅಂತ ಬರೆದರು. ಅವತ್ತಿನಿಂದ ರೇಷನ್ ಕಾರ್ಡು, ಪಹಣಿ, ವೋಟರ್ ಲಿಸ್ಟು ಎಲ್ಲದರಲ್ಲೂ ಅದೇ.

ಇಲ್ಲಿ ಮಾದಾರ ಚೆನ್ನಯ್ಯ ನೆನಪಾಗುತ್ತಾನೆ. ಅಲ್ಲಿ ಮಾದಾರ ಎಂಬುದು ಜಾತಿ. ನಮ್ಮ ಮಾದನಿಗೂ ಅದಕ್ಕೂ ನಂಟು ಕಟ್ಟುವುದು ನನ್ನ ಉದ್ದೇಶವಲ್ಲ. ನಾನು ನೋಡುವುದು ಕೊನೆಯ ಅಯ್ಯನನ್ನು. ಕೈಯುಳಿ, ಕತ್ತಿ, ಅಡಿಗುಂಟಗಳನ್ನೇ ತನ್ನ ಅಂಕಿತಕ್ಕೆ ತಂದುಕೊಂಡ ಈ ಚರ್ಮಗಾರನನ್ನು 12ನೆಯ ಶತಮಾನದ ಬಸವಣ್ಣ ವಚನಗಳಲ್ಲಿ ತಂದೆಯೆಂದು ಕರೆದುಕೊಂಡ. ಬಸವಣ್ಣ ಬಾಯ್ತುಂಬ ಅಂದ ಅಯ್ಯನನ್ನು ಗಣರಾಜ್ಯದ ಮೇಷ್ಟ್ರೊಬ್ಬರ ಪೆನ್ನು ಕತ್ತರಿಸಿತು. ಸಂವಿಧಾನ ಅಸ್ಪೃಶ್ಯತೆಯನ್ನು 1950ರಲ್ಲೇ ರದ್ದು ಮಾಡಿತ್ತು.

ಅಪ್ಪ ನನ್ನನ್ನು ಮಹದೇವ ಎಂದು ಬರೆಸಿದರು. ಯಾಕೆ ಅಂತ ಕೇಳಿದ್ದೆ. ‘ನಿನ್ನೆಸ್ರನ್ನಾದ್ರೂ ಯಾರೂ ಕುಯ್ಯಬಾರ್ದು ಅಂತ ಉದ್ದ ಬರ್ಸ್ದೆ ಕನ ಮೊಗಾ’ ಅಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಮಾದನಿಂದ ಮಹದೇವನಿಗೆ ಬಂದದ್ದನ್ನು ಬಿಡುಗಡೆ ಎಂದುಕೊಂಡರೆ ವ್ಯಾಕರಣದ ಏಣಿಯನ್ನು ನಾವೇ ಒಪ್ಪಿ ಹತ್ತಿದಂತೆ. ಅಪ್ಪ ಬಿದ್ದವನು, ನಾನು ಎದ್ದವನು ಎಂದ ಹಾಗೆ. ದಲಿತ ವಿಮರ್ಶೆ ಕಾವ್ಯ ಕಥೆಗಳ ಜೊತೆಗೆ ಶಾಲೆಯ ದಾಖಲಾತಿ ಪುಸ್ತಕವನ್ನೂ ಪಠ್ಯವಾಗಿ ಓದಬೇಕು. ನಮ್ಮ ಚರಿತ್ರೆ ಅಲ್ಲಿ ಒಂದೊಂದು ಸಾಲಿನಲ್ಲಿದೆ.

ಮಾರನೆಯ ದಿನ ಬೋರ್ಡಿನ ಮೇಲೆ ಮಾದಯ್ಯ ಎಂದು ಬರೆದೆ. ‘ಹೆಸರು ಕೆಟ್ಟಿಲ್ಲಪ್ಪ, ಕತ್ತರಿಸಿದ್ದಾರೆ’ ಎಂದು ಆ ಹುಡುಗನಿಗೆ ಹೇಳಿ, ಅಪ್ಪನ ಕಥೆಯಿಂದ ಪಾಠ ಮತ್ತೆ ಶುರು ಮಾಡಿದೆ.