ನಾಲೆ ಮತ್ತು ಕಾಲುವೆ: ಬೆಳಕವಾಡಿ ಸೀಮೆಯ ಎರಡು ಸಮಾನಾರ್ಥಕಗಳ ಚರಿತ್ರೆ

ನಾಲೆ ಎಂದರೆ ಕಾಲುವೆ, ಕಾಲುವೆ ಎಂದರೆ ನಾಲೆ ಎಂದು ಒಂದರಿಂದ ಇನ್ನೊಂದನ್ನು ವಿವರಿಸುವುದು ವಾಡಿಕೆ. ಈ ಸಮೀಕರಣವು ಕಾವೇರಿ ಅಚ್ಚುಕಟ್ಟಿನ ಆಡುಮಾತಿನಲ್ಲಿ ನಿಲ್ಲುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಸೀಮೆಯಲ್ಲಿ ‘ನಾಲೆಗೆ ನೀರು ಬಂದಿದೆ, ಕಾಲುವೆಗೆ ಬಂದಿಲ್ಲ’ ಎಂಬ ವಾಕ್ಯ ಅರ್ಥಪೂರ್ಣವಾದದ್ದು, ಅದರಲ್ಲಿ ವಿರೋಧಾಭಾಸವಿಲ್ಲ. ಎರಡು ಪದಗಳು ನಿಜಕ್ಕೂ ಸಮಾನಾರ್ಥಕಗಳಾಗಿದ್ದರೆ ಈ ವಾಕ್ಯವು ತನ್ನನ್ನು ತಾನೇ ನಿರಾಕರಿಸಬೇಕಾಗಿತ್ತು. ಈ ವ್ಯತ್ಯಾಸ ಪದಗಳ ಮೂಲದಿಂದ ಬಂದುದಲ್ಲ, ನೀರಿನ ಆಡಳಿತದ ಚರಿತ್ರೆಯಿಂದ ಬಂದುದು ಎಂಬುದೇ ಇಲ್ಲಿನ ವಾದ.

ಕಾಲುವೆ ದ್ರಾವಿಡ ಮೂಲದ ಪದ. ತಮಿಳಿನ ‘ಕಾಲ್’, ‘ಕಾಲ್ವಾಯ್’ ಇದರ ಜ್ಞಾತಿಗಳು. ನಾಲೆಯ ಹಿಂದೆ ಇರುವುದು ಟೊಳ್ಳು ಕಾಂಡ, ಕೊಳವೆ ಎಂಬರ್ಥದ ಸಂಸ್ಕೃತದ ‘ನಾಲ’ ಶಬ್ದದ ಕುಟುಂಬ. ಅದೇ ಕುಟುಂಬದ ‘ನಾಳ’ ಕನ್ನಡದಲ್ಲಿ ಅನ್ನನಾಳ, ರಕ್ತನಾಳಗಳಲ್ಲಿ ಉಳಿದಿದೆ. ಅಲ್ಲಿ ಲಕಾರವು ಳಕಾರವಾಗಿದೆ. ಕೇಶಿರಾಜನು 13ನೆಯ ಶತಮಾನದಲ್ಲಿ ಕ್ಷಳವೆಂದು ವಿವರಿಸಿದ್ದು ಈ ಬಗೆಯ ಳಕಾರವನ್ನೇ. ನಾಲೆಯಲ್ಲಿ ಲಕಾರ ಹಾಗೆಯೇ ನಿಂತಿರುವುದನ್ನೂ, ಹಳ್ಳ, ತೊರೆ ಎಂಬರ್ಥದ ಹಿಂದೂಸ್ತಾನಿ ‘ನಾಲಾ’ ಶಬ್ದದೊಡನೆ ಅದಕ್ಕಿರುವ ಸಾಮ್ಯವನ್ನೂ ಒಟ್ಟಿಗೆ ನೋಡಿದರೆ, ಜಲಮಾರ್ಗವೆಂಬ ಅರ್ಥದ ನಾಲೆ ಉತ್ತರದ ಆಡಳಿತಭಾಷೆಗಳ ಸಂಪರ್ಕದಲ್ಲಿ ಬಂದಿರಬೇಕೆಂದು ಊಹಿಸಬಹುದು.

ಗಾತ್ರವೇ ಈ ಎರಡನ್ನು ಬೇರ್ಪಡಿಸುತ್ತದೆ, ದೊಡ್ಡದು ನಾಲೆ, ಚಿಕ್ಕದು ಕಾಲುವೆ ಎಂಬ ಸುಲಭ ಉತ್ತರವನ್ನು ಚರಿತ್ರೆ ಒಪ್ಪುವುದಿಲ್ಲ. ವಿಜಯನಗರದ ‘ಹಿರಿಯ ಕಾಲುವೆ’ ಕಿರುದಾದುದಲ್ಲ. ಕೃಷ್ಣಾ ಕೊಳ್ಳದಲ್ಲಿ ಇಂದಿಗೂ ‘ನಾರಾಯಣಪುರ ಎಡದಂಡೆ ಕಾಲುವೆ’ ಎಂಬುದು ಸಹಜ ಪ್ರಯೋಗ. ಶ್ರೀರಂಗಪಟ್ಟಣದ ಸುತ್ತಲಿನ ಹಳೆಯ ಜಲಮಾರ್ಗಗಳಲ್ಲಿ ಚಿಕ್ಕದೇವರಾಯ ಸಾಗರ ನಾಲೆಯೂ ಬಂಗಾರದೊಡ್ಡಿ ನಾಲೆಯೂ ಇವೆ. ಜೊತೆಗಿರುವ ಇನ್ನೊಂದಕ್ಕೆ ‘ವಿರಿಜಾ ನದಿ’ ಎಂದೇ ಹೆಸರು. ಅಂದರೆ, ಮನುಷ್ಯರು ತೋಡಿದ ಜಲಮಾರ್ಗಕ್ಕೆ ಹೆಸರಿಡುವಲ್ಲಿ ಗಾತ್ರದ ಕಟ್ಟುನಿಟ್ಟಾದ ಶ್ರೇಣಿ ಇರಲಿಲ್ಲ.

ಮಂಡ್ಯ ಸೀಮೆಯಲ್ಲಿ ಆ ಶ್ರೇಣಿ ಗಟ್ಟಿಯಾದುದು ಕನ್ನಂಬಾಡಿ ಕಟ್ಟೆಯ ನಂತರ. 1911ರಲ್ಲಿ ಆರಂಭವಾದ ಕಟ್ಟೆಯ ಕೆಲಸ ಮುಗಿದು, 1930ರ ದಶಕದಲ್ಲಿ ಇರ್ವಿನ್ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳನ್ನು ಗದ್ದೆಗಳಾಗಿಸತೊಡಗಿತು. ಮುಂದೆ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ಜನರ ಬಾಯಲ್ಲಿ ಅದು ‘ವಿ.ಸಿ. ನಾಲೆ’. ಇಲ್ಲಿ ‘ಸಿ’ ಎಂಬುದೇ ಇಂಗ್ಲಿಷಿನ ಕೆನಾಲ್. ಅದರ ಮೇಲೆ ನಾಲೆ ಮತ್ತೆ ಸೇರಿದೆ. ಅರಬ್ಬಿಯಲ್ಲಿ ಸೇತುವೆ ಎಂಬರ್ಥವಿರುವ ‘ಅಲ್ಕಾಂತರಾ’ಕ್ಕೆ ಸ್ಪ್ಯಾನಿಷರು ತಮ್ಮ ಸೇತುವೆಯ ಪದವನ್ನು ಮತ್ತೆ ಸೇರಿಸಿ ಹೇಳುವಂಥದೇ ದ್ವಿರುಕ್ತಿ ಇದು.

ನೀರಾವರಿ ಇಲಾಖೆಯ ಕನ್ನಡದಲ್ಲಿ ಮುಖ್ಯ ನಾಲೆ, ಶಾಖಾ ನಾಲೆ, ವಿತರಣಾ ನಾಲೆಗಳಿವೆ. ಕೊನೆಯಲ್ಲಿ ಮಾತ್ರ ಹೊಲಗಾಲುವೆ. ‘ಹೊಲನಾಲೆ’ ಎಂದು ಯಾರೂ ಹೇಳುವುದಿಲ್ಲ. ಗೇಟು, ಸರದಿ, ಸರ್ಕಾರದ ಆದೇಶ ಇರುವಷ್ಟು ದೂರ ನಾಲೆ. ರೈತ ಗುದ್ದಲಿ ಹಿಡಿದು ಮಡೆ ತಿರುಗಿಸುವಲ್ಲಿಂದ ಕಾಲುವೆ. ಹೀಗೆ ಒಂದೇ ನೀರು ಯಾರ ಅಂಕೆಯಲ್ಲಿದೆ ಎಂಬುದನ್ನು ಅನುಸರಿಸಿ ಹೆಸರು ಬದಲಾಗುತ್ತದೆ.

ಸ್ಪ್ಯಾನಿಷಿನಲ್ಲಿ ಇದಕ್ಕೆ ಹತ್ತಿರದ ಜೋಡಿಯೊಂದಿದೆ. ‘ಕನಾಲ್’ ಲ್ಯಾಟಿನ್ ಮೂಲದ್ದು, ‘ಅಸೆಕಿಯ’ ಅರಬ್ಬಿಯ ‘ಸಾಕಿಯಾ’ದಿಂದ ಬಂದದ್ದು. ಎರಡೂ ನೀರಿನ ತೋಡುಗಳೇ. ಆದರೆ ಅಸೆಕಿಯ ಎಂಬಲ್ಲಿ ನೀರು ಹಂಚಿಕೊಳ್ಳುವ ಸಮುದಾಯದ ಧ್ವನಿಯಿದೆ. ವಾಲೆನ್ಸಿಯದ ಅಸೆಕಿಯಗಳ ವ್ಯಾಜ್ಯಗಳನ್ನು ರೈತರೇ ಆರಿಸಿದ ಜಲನ್ಯಾಯಸಭೆ ಗುರುವಾರಗಳಂದು ಕೆಥೆಡ್ರಲ್ ಬಾಗಿಲಲ್ಲಿ ಕುಳಿತು ತೀರ್ಮಾನಿಸುತ್ತದೆ. 2009ರಲ್ಲಿ ಯುನೆಸ್ಕೊ ಅದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಸೆಕಿಯ ಎಂದರೆ ತೋಡೂ ಹೌದು, ಅದನ್ನು ನೋಡಿಕೊಳ್ಳುವ ರೈತಸಂಘವೂ ಹೌದು. ನಮ್ಮ ಶಾಸನಗಳ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದಗಳು ಕೆರೆಕಟ್ಟೆಗಳ ಪೋಷಣೆಗೆ ಸಂಬಂಧಿಸಿದ ದತ್ತಿಗಳು. ನೀರುಗಂಟಿಯು ಊರಿನ ನೀರು ಹಂಚುವವನು. ಕಾಲುವೆಯ ಹಿಂದೆಯೂ ಇಂಥ ಊರ ವ್ಯವಸ್ಥೆಯೊಂದಿತ್ತು. ಆದರೆ ಅದನ್ನು ಹೊತ್ತು ನಿಲ್ಲುವ ಅರ್ಥ ಆ ಪದಕ್ಕೆ ಅಂಟಲಿಲ್ಲ.

ವ್ಯವಸ್ಥೆ ಅಳಿದಾಗ ಪದಕ್ಕೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ನಿದರ್ಶನ. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ‘ರಾಜಕಾಲುವೆ’ ಇಂದು ಮಳೆನೀರೂ ಕೊಳಚೆಯೂ ಹರಿಯುವ ಚರಂಡಿಯ ಹೆಸರು. ಹಿಂದಿಯ ‘ನಾಲಾ’ಕ್ಕೂ ನಗರಗಳಲ್ಲಿ ಇದೇ ಗತಿ. ಅದೇ ಮೂಲದ ನಾಲೆ ಮಂಡ್ಯದಲ್ಲಿ ಮಾತ್ರ ಕಾವೇರಿಯ ಗೌರವವನ್ನು ಉಳಿಸಿಕೊಂಡಿದೆ.

ಮಳವಳ್ಳಿ ತಾಲ್ಲೂಕು ಈ ಅಚ್ಚುಕಟ್ಟಿನ ಕೆಳಭಾಗದಲ್ಲಿದೆ. ನೀರು ತಡವಾಗಿ, ಕೆಲವೊಮ್ಮೆ ಕಡಿಮೆಯಾಗಿ ತಲುಪುವ ಜಾಗ. ‘ನಾಲೆಗೆ ನೀರು ಬಿಡಲಾಗಿದೆ’ ಎಂಬ ಪ್ರಕಟಣೆ ನಿಜವಾಗಿದ್ದೂ ಗದ್ದೆ ಒಣಗಿರಬಹುದು. ಆ ಸತ್ಯವನ್ನು ಹೇಳಲು ಕೊನೆಭಾಗದ ರೈತನಿಗೆ ಇರುವ ಸಾಧನ ಈ ಎರಡು ಪದಗಳ ನಡುವಿನ ಅಂತರ. ನಿಘಂಟುಕಾರರು ಅದನ್ನು ಅಳಿಸಿದರೆ ಆತನ ದೂರು ಬರಿಯ ಗೊಂದಲದ ಮಾತಾಗಿ ಕೇಳಿಸುತ್ತದೆ. ಆದ್ದರಿಂದ ನಾಲೆಯ ನಮೂದಿನಲ್ಲಿ ‘ಕಾಲುವೆ’ ಎಂದಷ್ಟೇ ಬರೆದು ಮುಗಿಸದೆ, ಪ್ರದೇಶವನ್ನೂ ಪ್ರಯೋಗವನ್ನೂ ದಾಖಲಿಸುವುದು ಅಗತ್ಯ.